ಹಳೇ ಮಾರುತಿ 800ರ ಟೈಮಿಂಗ್ ಬೆಲ್ಟ್: ಮನೆಯಲ್ಲೇ ಬದಲಿಸುವವರಿಗೆ

ಪದ್ಮಿನಿ, ಅಂಬಾಸಿಡರ್ ಕಾಲದ ಮೇಸ್ತ್ರಿಗಳು ಅರ್ಧ ಕೆಲಸವನ್ನು ಕಿವಿಯಲ್ಲೇ ಮುಗಿಸುತ್ತಿದ್ದರು. ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, "ಚೈನ್ ಹೋಗಿದೆ ಸ್ವಾಮಿ" ಅನ್ನುತ್ತಿದ್ದರು. ಬಹುತೇಕ ಸಲ ಅದು ನಿಜವೂ ಆಗಿರುತ್ತಿತ್ತು. ಆ ಎರಡೂ ಕಾರುಗಳಲ್ಲಿ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಉಕ್ಕಿನ ಚೈನು. ಎಂಜಿನ್ ಆಯಿಲ್ ಕುಡಿದುಕೊಂಡು ವರ್ಷಗಟ್ಟಲೆ ಓಡುತ್ತದೆ, ಸವೆದಾಗ ಗಲಗಲ ಅಂದು ತಿಂಗಳುಗಳ ಮೊದಲೇ ಹೇಳಿಬಿಡುತ್ತದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್‌ಪಾಲ್ ಸಿಂಗ್ ಅವರ ಕೈಗಿತ್ತರು. ಆ ಕಾರು ಊರೂರಿಗೆ ಹರಡಿದಂತೆ ನಮ್ಮ ಗ್ಯಾರೇಜುಗಳಿಗೆ ರಬ್ಬರಿನ ಟೈಮಿಂಗ್ ಬೆಲ್ಟ್ ಕೂಡ ಬಂತು. ಕಿವಿಗೆ ಅಲ್ಲಿ ಕೆಲಸವಿಲ್ಲ. ಬೆಲ್ಟು ಗಲಗಲ ಅನ್ನುವುದಿಲ್ಲ. ಓಡುತ್ತಾ ಓಡುತ್ತಾ ಒಂದು ದಿನ ಎಂಜಿನ್ ಸುಮ್ಮನೆ ಆರಿಹೋಗುತ್ತದೆ. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರಾಗಿ ಗಿರ್ರನೆ ಸುತ್ತುತ್ತದೆ, ಏಕೆಂದರೆ ವಾಲ್ವುಗಳು ನಿಂತಲ್ಲೇ ನಿಂತಿರುತ್ತವೆ, ಸಿಲಿಂಡರಿನಲ್ಲಿ ಕಂಪ್ರೆಷನ್ ಉಳಿದಿರುವುದಿಲ್ಲ.

ಚೌಕಟ್ಟು ಮೂತಿಯ ಆ ಮೊದಲ 800ಗಳನ್ನು ಈಗ ಜನ ಹುಡುಕಿ ಕೊಳ್ಳುತ್ತಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಅವು ಇನ್ನೂ ವಿಂಟೇಜ್ ಅಲ್ಲ. 2021ರ ನಿಯಮದ ಪ್ರಕಾರ ಆ ನೋಂದಣಿಗೆ ಕಾರಿಗೆ 50 ವರ್ಷ ತುಂಬಬೇಕು, ಅಂದರೆ ಮೊಟ್ಟಮೊದಲ 800ಕ್ಕೂ 2033 ಬರಬೇಕು. ಆದರೆ ಕಾರು ಮನೆಯ ಆಸ್ತಿ ಅನ್ನಿಸಿಕೊಳ್ಳಲು ಗೆಜೆಟ್ ಬೇಕಿಲ್ಲವಲ್ಲ. ಇಂಥ ಕಾರು ವಾರಕ್ಕೊಮ್ಮೆ ಭಾನುವಾರ ಮಾತ್ರ ಹೊರಬರುತ್ತದೆ, ಮೀಟರಿನಲ್ಲಿ ಕಿಲೋಮೀಟರ್ ಏರುವುದೇ ಇಲ್ಲ. ಬೆಲ್ಟಿನ ವಿಷಯದಲ್ಲಿ ಮಾಲೀಕರು ಮೋಸಹೋಗುವುದು ಇಲ್ಲೇ.

ಬೆಲ್ಟು ಮಾಡುವ ಕೆಲಸ ಇಷ್ಟು. ಪಿಸ್ಟನ್‌ಗಳು ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಮೇಲೆ ಹೆಡ್ಡಿನಲ್ಲಿರುವ ಕ್ಯಾಮ್ ಶಾಫ್ಟು ವಾಲ್ವುಗಳನ್ನು ತೆರೆಯುತ್ತದೆ, ಮುಚ್ಚಲು ಬಿಡುತ್ತದೆ. ಪೆಟ್ರೋಲ್-ಗಾಳಿ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ದಬ್ಬುವುದು ಎಂಬ ನಾಲ್ಕು ಹಂತ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಬರಬೇಕು, ಅಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ಬರಬೇಕು. ಅದಕ್ಕೇ ಕ್ಯಾಮ್ ಪುಲ್ಲಿಯಲ್ಲಿ ಕ್ರ್ಯಾಂಕ್ ಪುಲ್ಲಿಯ ಎರಡರಷ್ಟು ಹಲ್ಲು. ಈ ಎರಡು ಶಾಫ್ಟುಗಳ ನಡುವಿನ ಲೆಕ್ಕವನ್ನು ಹಿಡಿದಿಟ್ಟಿರುವುದು ಒಳಮೈಯಲ್ಲಿ ಹಲ್ಲಿರುವ ಆ ಒಂದು ಬೆಲ್ಟು ಮಾತ್ರ. ಬೆಲ್ಟ್ ಬದಲಿಸುವುದು ಅಂದರೆ ಆ ಲೆಕ್ಕ ತಪ್ಪದಂತೆ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು. ಉಳಿದದ್ದೆಲ್ಲ ನಟ್ಟು ಬೋಲ್ಟಿನ ಕೆಲಸ.

ಈ ಏರ್ಪಾಡು ಸುಜುಕಿಯವರದ್ದಲ್ಲ. ಮಾರಾಟಕ್ಕೆ ಬಂದ ಕಾರಿನಲ್ಲಿ ಟೈಮಿಂಗ್ ಬೆಲ್ಟನ್ನು ಮೊದಲು ಹಾಕಿದ್ದು ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ, 1962ರಲ್ಲಿ, 1004 ಎಂಬ ಪುಟ್ಟ ಕಾರಿನಲ್ಲಿ. 1966ರಲ್ಲಿ ಫಿಯೆಟ್ ತನ್ನ 124 ಸ್ಪೋರ್ಟ್ ಕಾರಿನ ಎರಡು ಕ್ಯಾಮ್‌ಗಳ ಎಂಜಿನ್ನಿಗೆ ಅದನ್ನೇ ಬಳಸಿತು. ಆ ಎಂಜಿನ್ ರೂಪಿಸಿದ ಔರೇಲಿಯೊ ಲಾಂಪ್ರೆದಿ ಅದಕ್ಕೂ ಮುಂಚೆ ಫೆರಾರಿಯ ಎಂಜಿನ್‌ಗಳನ್ನು ಮಾಡಿದವರು. ಚೈನಿಗಿಂತ ಹಗುರ, ಸದ್ದಿಲ್ಲ, ಆಯಿಲ್ ಬೇಡ, ಅಗ್ಗ. ಕಂಪನಿಗಳಿಗೆ ಇನ್ನೇನು ಬೇಕು?

ಬೆಲ್ಟ್ ಹರಿದರೆ ಎಷ್ಟು ನಷ್ಟ ಎಂಬುದು ಎಂಜಿನ್ನಿಗೆ ತಕ್ಕಂತೆ. ಹಳ್ಳಿಯಲ್ಲಿ ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತು ಒನಕೆ ಹಾಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಒನಕೆ ಇಳಿಯುವಾಗ ಇನ್ನೊಂದು ಎದ್ದಿರಬೇಕು, ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ನೂ ತೆರೆದ ವಾಲ್ವೂ ಹೀಗೆ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಪೋರ್ಷೆ 944 ಅಂಥದ್ದು, ಅಲ್ಲಿ ಬೆಲ್ಟ್ ಹರಿದರೆ ವಾಲ್ವ್ ಬಾಗುತ್ತದೆ, ಹೆಡ್ ಇಳಿಸಲೇಬೇಕು. ವೋಲ್ವೊ 240ಯ ಹಳೇ ಬಿ21 ಎಂಜಿನ್ನಿನಲ್ಲಿ ಇವೆರಡರ ನಡುವೆ ಸಾಕಷ್ಟು ಜಾಗ ಬಿಟ್ಟಿದ್ದಾರೆ, ಬೆಲ್ಟ್ ಹರಿದರೆ ಕಾರು ನಿಲ್ಲುತ್ತದೆ ಅಷ್ಟೆ. ಯಾವ ಕಾರೇ ಇರಲಿ, ಕೈಯಲ್ಲಿ ಪಾನಾ ಹಿಡಿದಿರುವಷ್ಟು ಹೊತ್ತು ಅದನ್ನು ಪೋರ್ಷೆ ಅಂತಲೇ ಭಾವಿಸುವುದು ಒಳ್ಳೆಯದು. ಬೆಲ್ಟ್ ಇಲ್ಲದ ಎಂಜಿನ್ನನ್ನು ಕುತೂಹಲಕ್ಕೂ ತಿರುಗಿಸಬಾರದು.

ಕಿಲೋಮೀಟರಲ್ಲ, ವಯಸ್ಸು

ಆ ಕಾಲದ ಬೆಲ್ಟುಗಳಿಗೆ ಕಾರಿಗೆ ತಕ್ಕಂತೆ 60,000ದಿಂದ 1,00,000 ಕಿಲೋಮೀಟರ್ ಅನ್ನುವ ಲೆಕ್ಕ ಸಾಮಾನ್ಯ. ಅದನ್ನು ನೋಡಿಕೊಂಡು "ನನ್ನದು ವರ್ಷಕ್ಕೆ ಸಾವಿರವೂ ಓಡಲ್ಲ, ಇನ್ನೂ ಬಾಳುತ್ತೆ" ಅಂದುಕೊಂಡರೆ ಎಡವಿದಂತೆಯೇ. ಬೆಲ್ಟಿನ ಒಳಗೆ ಉದ್ದಕ್ಕೂ ಫೈಬರ್‌ಗ್ಲಾಸ್ ಎಳೆಗಳಿರುತ್ತವೆ, ಎಳೆತ ತಡೆಯುವುದು ಅವೇ. ಅದರ ಸುತ್ತ ನಿಯೋಪ್ರೀನ್ ರಬ್ಬರು, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ. ರಬ್ಬರನ್ನು ಗಟ್ಟಿ ಮಾಡುವುದು ಬಿಸಿ ಮತ್ತು ಗಾಳಿ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಆ ಕೆಲಸ ನಡೆದೇ ಇರುತ್ತದೆ. ಮೇಲಾಗಿ, ನಿಂತ ಕಾರಿನ ಬೆಲ್ಟು ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಪುಲ್ಲಿಗೆ ಬಾಗಿ ಕೂತಿರುತ್ತದೆ. ಆದ್ದರಿಂದ ಭಾನುವಾರದ ಕಾರಿಗೆ ಐದು ವರ್ಷಕ್ಕೊಮ್ಮೆ ಬೆಲ್ಟ್ ಬದಲಿಸಿ, ಕಿಲೋಮೀಟರ್ ಎಷ್ಟಾದರೂ ಆಗಿರಲಿ. ಸೆಕೆಂಡ್‌ಹ್ಯಾಂಡ್ ಕೊಂಡಿದ್ದು, "ಹೋದ ವರ್ಷ ತಾನೇ ಹಾಕಿಸಿದ್ದೆ" ಎಂಬ ಬಾಯಿಮಾತು ಬಿಟ್ಟರೆ ಬಿಲ್ಲು ಇಲ್ಲ ಎಂದಾದರೆ ಐದು ವರ್ಷವೂ ಕಾಯಬೇಡಿ.

ಸಾಮಾನು ತರುವುದಕ್ಕೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಅಲ್ಲಿ ಅಸಲಿಯೂ ಸಿಗುತ್ತದೆ, ಅಸಲಿಯ ಡಬ್ಬಿಯಲ್ಲಿ ನಕಲಿಯೂ ಸಿಗುತ್ತದೆ. ಬಿಲ್ಲು ಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಅಂಗಡಿಯವನು ಬೆಲ್ಟನ್ನು ಮೊಳೆಗೆ ನೇತುಹಾಕಿದ್ದರೆ, ಮಡಚಿ ರಬ್ಬರ್‌ಬ್ಯಾಂಡ್ ಸುತ್ತಿದ್ದರೆ ಬೇಡ ಅನ್ನಿ. ಫೈಬರ್‌ಗ್ಲಾಸ್ ಎಳೆ ಹಿಗ್ಗುವುದಿಲ್ಲ ನಿಜ, ಆದರೆ ಚೂಪಾಗಿ ಮಡಚಿದರೆ ಒಳಗೇ ಮುರಿಯುತ್ತದೆ. ಹೊರಗೆ ಗುರುತೂ ಕಾಣುವುದಿಲ್ಲ. ಬೆಲ್ಟಿನ ಜೊತೆಗೆ ಟೆನ್ಷನರ್ (ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಚಕ್ರ) ಬೇರಿಂಗು, ಅದರ ಸ್ಪ್ರಿಂಗು, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲುಗಳನ್ನೂ ತನ್ನಿ. ಎಲ್ಲ ಸೇರಿದರೂ ದೊಡ್ಡ ಖರ್ಚಲ್ಲ. ಆಮೇಲೆ ಒಂದು ಸೀಲು ಸೋರಿದರೆ ಇಷ್ಟೂ ಬಿಚ್ಚುವ ಕೆಲಸ ಮತ್ತೆ ಮೊದಲಿನಿಂದ. ವಾಟರ್ ಪಂಪಿನದ್ದೂ ಇದೇ ಕಥೆ. ಈ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದು ಹೊರಗಿನ ಫ್ಯಾನ್ ಬೆಲ್ಟು, ಆದರೆ ಪಂಪ್ ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ಅದರ ಶಾಫ್ಟ್ ಅಲ್ಲಾಡುತ್ತಿದ್ದರೆ, ಕೆಳಗೆ ಕೂಲೆಂಟ್ ಒಣಗಿದ ಕಲೆ ಇದ್ದರೆ ಒಟ್ಟಿಗೇ ಬದಲಿಸಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರ ಬಿಚ್ಚಿದರೆ ಕೆಳಗಿನ ಪುಲ್ಲಿಗೆ ಕೈ ಸಲೀಸಾಗಿ ಹೋಗುತ್ತದೆ. ಹಾಗೆ ಮಾಡುವಾಗ ಕಾರು ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಜಾಕಿ ಎತ್ತುವುದಕ್ಕೆ ಇರುವುದು, ಹೊರುವುದಕ್ಕಲ್ಲ. ಇಟ್ಟಿಗೆ, ಸೈಜುಗಲ್ಲು ಬೇಡವೇ ಬೇಡ. ಮೂರೂ ಸ್ಪಾರ್ಕ್ ಪ್ಲಗ್ ತೆಗೆದಿಟ್ಟರೆ ಎಂಜಿನ್ನನ್ನು ಕೈಯಲ್ಲಿ ತಿರುಗಿಸಲು ಸುಲಭ. ಜೊತೆಗೆ ಎಲ್ಲಾದರೂ ಲೋಹಕ್ಕೆ ಲೋಹ ತಾಗಿದರೆ ತಕ್ಷಣ ಕೈಗೆ ಗೊತ್ತಾಗುತ್ತದೆ.

ಫ್ಯಾನ್ ಬೆಲ್ಟು, ವಾಟರ್ ಪಂಪ್ ಪುಲ್ಲಿ ಮೊದಲು. ಆಮೇಲೆ ಕ್ರ್ಯಾಂಕ್ ಪುಲ್ಲಿ. ಹವ್ಯಾಸಿಗಳ ಭಾನುವಾರ ಮುಗಿದುಹೋಗುವುದು ಸಾಮಾನ್ಯವಾಗಿ ಇಲ್ಲಿ. ಬೋಲ್ಟ್ ತಿರುಗಿಸಿದರೆ ಎಂಜಿನ್ನೇ ತಿರುಗುತ್ತದೆ. ಟಾಪ್ ಗೇರ್ ಹಾಕಿ, ಒಳಗೆ ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿದರೆ ಹಲವು ಸಲ ಬರುತ್ತದೆ, ಇಲ್ಲದಿದ್ದರೆ ಫ್ಲೈವೀಲ್ ಹಲ್ಲಿಗೆ ಲಾಕ್ ಕೊಡಬೇಕು. ಪಾನಾವನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಒಂದು ಚೂರು ಹೊಡೆಯುವ ಉಪಾಯವನ್ನು ಗ್ಯಾರೇಜುಗಳಲ್ಲಿ ನೋಡಿರುತ್ತೀರಿ. ಮನೆಯಲ್ಲಿ ಮಾಡಬೇಡಿ. ಪಾನಾ ಜಾರಿದರೆ ಬಾನೆಟ್ಟಿಗೋ ಮುಖಕ್ಕೋ ಎಂದು ಹೇಳಲಾಗದು. ಕ್ಯಾಮ್ ಪುಲ್ಲಿಯನ್ನು ಹಿಡಿದುಕೊಂಡು ಹಳೇ ಬೆಲ್ಟಿನ ಬಲದಲ್ಲಿ ಕ್ರ್ಯಾಂಕ್ ನಿಲ್ಲಿಸುವುದೂ ಬೇಡ.

ಬೋಲ್ಟ್ ಬಿಚ್ಚುವಾಗ ಎಂಜಿನ್ ಹಿಂದಕ್ಕೆ ಒಂದಷ್ಟು ಸರಿದಿರುತ್ತದೆ. ಆದ್ದರಿಂದ ಪುಲ್ಲಿಗಳ ಮೇಲಿನ ಮಾರ್ಕುಗಳನ್ನು ಹೊಂದಿಸುವುದು ಬೋಲ್ಟ್ ಸಡಿಲಾದ ಮೇಲೆ, ಮುಂಚೆ ಅಲ್ಲ. ಕವರಿನ ಸಣ್ಣ ಬೋಲ್ಟುಗಳು ಒಂದೇ ಉದ್ದ ಇರಲಾರವು. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಂದ ಜಾಗದಲ್ಲೇ ಚುಚ್ಚಿಡಿ.

ಕವರ್ ತೆಗೆದ ಕೂಡಲೇ ಬೆಲ್ಟನ್ನು ಎಳೆದು ಹಾಕಬೇಡಿ, ಒಂದು ನಿಮಿಷ ಟಾರ್ಚ್ ಹಿಡಿದು ನೋಡಿ. ಹಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕು, ಬೆನ್ನಿನಲ್ಲಿ ಗಾಜಿನಂಥ ಹೊಳಪು, ಅಂಚಿನಲ್ಲಿ ನೂಲು ಕಿತ್ತುಬಂದಿರುವುದು, ಇವೆಲ್ಲ ವಯಸ್ಸಿನ ಗುರುತು. ಆದರೆ ಒಂದೇ ಅಂಚು ಸವೆದಿದ್ದರೆ ಅದು ವಯಸ್ಸಲ್ಲ, ಟೆನ್ಷನರೋ ಯಾವುದಾದರೂ ಪುಲ್ಲಿಯೋ ವಾರೆಯಾಗಿದೆ. ಬೆಲ್ಟು ಎಣ್ಣೆಯಲ್ಲಿ ನೆನೆದಿದ್ದರೆ ಮೇಲಿನ ಸೀಲೋ ಕೆಳಗಿನದೋ ಎಂದು ಜಿಡ್ಡಿನ ಜಾಡು ಹಿಡಿದು ನೋಡಿ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅಂಥದ್ದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಮಾತೇ ಇಲ್ಲ.

ಮಾರ್ಕುಗಳ ಹಿಂದೆ

ಈಗ ನಿಜವಾದ ಕೆಲಸ. ಈ ಸುಜುಕಿ ಎಂಜಿನ್‌ಗಳನ್ನು ಬೆಲ್ಟಿನ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ತಿರುಗಿಸಬೇಕು. ಹೋಂಡಾ ಸಿಟಿಯ ಮೊದಲ ತಲೆಮಾರಿನವರು ನೆನಪಿಡಿ, ನಿಮ್ಮದು ಉಲ್ಟಾ. ಕ್ಯಾಮ್ ಪುಲ್ಲಿಯ ಮೇಲೊಂದು ಮಾರ್ಕ್ ಇರುತ್ತದೆ, ಅದರ ಹಿಂದಿನ ಕವರಿನಲ್ಲಿ ಅದಕ್ಕೆ ಜೋಡಿ. ಕೆಳಗೆ ಕ್ರ್ಯಾಂಕಿನ ಹಲ್ಲಿನ ಪುಲ್ಲಿಯಲ್ಲಿ ಪಂಚ್ ಹೊಡೆದ ಚುಕ್ಕಿ, ಆಯಿಲ್ ಪಂಪಿನ ಕೇಸಿನ ಮೇಲೆ ಬಾಣದ ಗುರುತು. ಎರಡು ಜೋಡಿಯೂ ಒಟ್ಟಿಗೆ ಕೂಡುವವರೆಗೆ ತಿರುಗಿಸಿ. ಕೆಳಗಿನದು ಕೂಡಿ ಮೇಲಿನದು ಎದುರು ದಿಕ್ಕಿನಲ್ಲಿದ್ದರೆ ಗಾಬರಿ ಬೇಡ, ಕ್ರ್ಯಾಂಕನ್ನು ಇನ್ನೊಂದು ಸುತ್ತು ತನ್ನಿ.

ಇಲ್ಲಿ ಎರಡು ಗೊಂದಲ ಪದೇ ಪದೇ ಕಾಣುತ್ತವೆ. ಹೊರಗಿನ ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಅದರ ಪಕ್ಕ ಕವರಿನ ಮೇಲೆ ಡಿಗ್ರಿ ಗೆರೆಗಳು ಇರುತ್ತವಲ್ಲ, ಅವು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಲು. ಬೆಲ್ಟ್ ಕೂರಿಸುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಎರಡನೆಯದು, ಮಾರ್ಕ್ ಕೂಡಿತು ಎಂದರೆ ಒಂದನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿದೆ ಎಂದೇ ಲೆಕ್ಕ ಹಾಕಬಾರದು. ಸುಜುಕಿಯದೇ 1.3 ಲೀಟರಿನ ಎಂಟು ವಾಲ್ವ್ ಎಂಜಿನ್ನಿನಲ್ಲಿ, ಹೊರದೇಶಗಳಲ್ಲಿ ಸಮುರಾಯ್ ಎಂದು ಮಾರಾಟವಾದ ಜಿಪ್ಸಿಯ ಬಂಧುವಿನಲ್ಲಿ, ಬೆಲ್ಟಿನ ಮಾರ್ಕುಗಳು ಕೂಡಿದಾಗ ಕಂಪ್ರೆಷನ್ನಿನ ತುದಿಯಲ್ಲಿರುವುದು ನಾಲ್ಕನೇ ಸಿಲಿಂಡರ್. ಇದು ಗೊತ್ತಿಲ್ಲದೆ, ಪ್ಲಗ್ಗುಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ತಿರುಗಿಸಿ ಕೂರಿಸಿದವರು, ಎಲ್ಲ ಸರಿಯಿದ್ದೂ ಕಾರು ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಸಂಜೆಯವರೆಗೆ ತಲೆ ಕೆರೆದುಕೊಳ್ಳುತ್ತಾರೆ. 800ರ ಡಿಸ್ಟ್ರಿಬ್ಯೂಟರನ್ನೂ ಕ್ಯಾಮೇ ತಿರುಗಿಸುವುದರಿಂದ ಅದನ್ನು ಮುಟ್ಟದೆ ಬಿಟ್ಟರೆ ಸಾಕು, ಕ್ಯಾಮ್ ಸರಿ ಕೂತರೆ ಅದೂ ಸರಿ ಕೂರುತ್ತದೆ.

ಮಾರ್ಕುಗಳು ಕೂಡಿದ ಮೇಲೆ ಸ್ಟೇಷನರಿ ಅಂಗಡಿಯ ವೈಟ್ನರ್ ತೆಗೆದುಕೊಂಡು ನಾಲ್ಕೂ ಮಾರ್ಕಿನ ಮೇಲೆ ಗೆರೆ ಎಳೆಯಿರಿ. ಹಳೇ ಬೆಲ್ಟಿನ ಮೇಲೂ ಎರಡೂ ಪುಲ್ಲಿಗಳ ನೇರಕ್ಕೆ ಗೆರೆ ಹಾಕಿ. ಬೆಲ್ಟ್ ತೆಗೆದ ಮೇಲೆ ಆ ಎರಡು ಗೆರೆಗಳ ನಡುವಿನ ಹಲ್ಲು ಎಣಿಸಿ, ಹೊಸ ಬೆಲ್ಟಿನ ಮೇಲೆ ಅಷ್ಟೇ ಹಲ್ಲಿನ ಅಂತರಕ್ಕೆ ಗೆರೆ ಹಾಕಿದರೆ ಅರ್ಧ ಗೆದ್ದಂತೆ. ಅದೇ ಹೊತ್ತಿಗೆ ಒಟ್ಟು ಹಲ್ಲು, ಅಗಲ, ಹಲ್ಲಿನ ಆಕಾರ ಮೂರನ್ನೂ ಹೋಲಿಸಿ. ಚೌಕ ಹಲ್ಲಿನ ಪುಲ್ಲಿಗೆ ದುಂಡು ಹಲ್ಲಿನ ಬೆಲ್ಟು ಕೈಯಲ್ಲಿ ಕೂತಂತೆ ಕಂಡರೂ ಓಡುವಾಗ ಕಚ್ಚಿ ನಿಲ್ಲುವುದಿಲ್ಲ.

ಟೆನ್ಷನರ್ ಸಡಿಲಿಸುವ ಮುಂಚೆ ಹೆಡ್ಡಿನ ಮೇಲಿನ ಟ್ಯಾಪೆಟ್ ಕವರ್ ತೆಗೆದು, ವಾಲ್ವುಗಳನ್ನು ಒತ್ತುವ ರಾಕರುಗಳ ಮೇಲಿನ ವಾಲ್ವ್ ಅಡ್ಜಸ್ಟಿಂಗ್ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲಿಸಬೇಕು. ಸುಜುಕಿಯ ಆ ಕಾಲದ ಸರ್ವಿಸ್ ಮ್ಯಾನುಯಲ್‌ಗಳು ಹೇಳುವ ಈ ಹೆಜ್ಜೆಯನ್ನು ಗ್ಯಾರೇಜಿನಲ್ಲಿ ಹೆಚ್ಚಿನವರು ಹಾರಿಸಿಬಿಡುತ್ತಾರೆ, ಸಮಯ ಉಳಿಯಲಿ ಎಂದು. ಇದಕ್ಕೆ ಕಾರಣವಿದೆ. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಯಾವಾಗಲೂ ಒಂದು ಕಡೆಗೆ ತಳ್ಳುತ್ತಿರುತ್ತವೆ. ಬೆಲ್ಟ್ ತೆಗೆದ ಕ್ಷಣ ಕ್ಯಾಮ್ ಟಕ್ಕೆಂದು ಜಿಗಿಯಬಹುದು. ಹೊಸ ಬೆಲ್ಟ್ ಹಾಕಿದ ಮೇಲೂ ಆ ತಳ್ಳಾಟ ಬೆಲ್ಟಿನ ಒಂದು ಬದಿಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಟೆನ್ಷನರಿನ ಸ್ಪ್ರಿಂಗಿಗೆ ಸುಳ್ಳು ಲೆಕ್ಕ ಸಿಗುತ್ತದೆ. ಸ್ಕ್ರೂ ಸಡಿಲಿಸಿದರೆ ಕ್ಯಾಮ್ ಬೆರಳಲ್ಲೇ ತಿರುಗುವಷ್ಟು ಹಗುರ.

ಬೆಲ್ಟ್ ಹೊರಬಂದ ಮೇಲೆ ಟೆನ್ಷನರನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡಿ. ಗರಗರ ಅಂದರೂ ಸರಿ, ಗ್ರೀಸ್ ಒಣಗಿ ತೀರಾ ಸಲೀಸಾಗಿ ಗಿರಗಿರ ಸುತ್ತಿದರೂ ಸರಿ, ಅದರ ಕಾಲ ಮುಗಿದಿದೆ. ಹಳೇ ಸೀಲು ಕೀಳುವಾಗ ಶಾಫ್ಟಿಗೆ ಸ್ಕ್ರೂಡ್ರೈವರ್ ಗೀರು ಬೀಳಬಾರದು, ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಹೊಸದರ ತುಟಿಗೆ ಆಯಿಲ್ ಸವರಿ, ಅದೇ ಅಳತೆಯ ಸಾಕೆಟ್ಟಿಟ್ಟು ನೇರವಾಗಿ ಒಳತಳ್ಳಿ.

ಹೊಸ ಬೆಲ್ಟನ್ನು ಕೆಳಗಿನ ಕ್ರ್ಯಾಂಕ್ ಪುಲ್ಲಿಯಿಂದ ಶುರುಮಾಡಿ. ಟೆನ್ಷನರ್ ಇಲ್ಲದ ಬದಿಯನ್ನು ಕೊಂಚವೂ ಸಡಿಲ ಬಿಡದೆ ಮೇಲಕ್ಕೆ ತಂದು ಕ್ಯಾಮ್ ಪುಲ್ಲಿಯ ಮೇಲೆ ಕೂರಿಸಿ, ಕೊನೆಗೆ ಟೆನ್ಷನರಿನ ಬದಿಗೆ ಇಳಿಸಿ. ಓಡುವಾಗ ಕ್ರ್ಯಾಂಕು ಕ್ಯಾಮನ್ನು ಎಳೆಯುವುದು ಈ ಬಿಗಿ ಬದಿಯಿಂದ. ಇಲ್ಲಿ ಸಡಿಲ ಉಳಿದಿದ್ದರೆ ಕೂರಿಸಿದಾಗ ಮಾರ್ಕು ಸರಿಯಾಗೇ ಕಾಣುತ್ತದೆ, ಮೊದಲ ಸುತ್ತಿಗೇ ಆ ಸಡಿಲವೆಲ್ಲ ಆಚೆ ಬದಿಗೆ ಹೋಗಿ ಕ್ಯಾಮು ಒಂದು ಹಲ್ಲು ಹಿಂದೆ ಬೀಳುತ್ತದೆ. ಬೆಲ್ಟಿನ ಮೇಲೆ ಬಾಣವಿದ್ದರೆ ಅದು ತಿರುಗುವ ದಿಕ್ಕಿಗಿರಲಿ. ಕೂರುತ್ತಿಲ್ಲ ಎಂದು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಟೆನ್ಷನರನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರೆ ಕೈಯಲ್ಲೇ ಕೂರುತ್ತದೆ.

ಟೆನ್ಷನರ್ ಬೋಲ್ಟ್ ಸಡಿಲವಿರುವಾಗಲೇ ಸ್ಪ್ರಿಂಗಿಗೆ ತನ್ನ ಕೆಲಸ ಮಾಡಲು ಬಿಡಿ. ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ಎರಡು ಸುತ್ತು ಮುಂದಕ್ಕೆ ತಿರುಗಿಸಿ, ಆಮೇಲೆ ಬಿಗಿ ಮಾಡಿ. "ಇನ್ನೊಂದು ಸ್ವಲ್ಪ ಟೈಟ್ ಇರಲಿ" ಎಂದು ಕೈಯಿಂದ ಒತ್ತಿ ಹಿಡಿಯುವ ಚಪಲ ಎಲ್ಲರಿಗೂ ಬರುತ್ತದೆ. ಹೆಚ್ಚು ಬಿಗಿಯಾದ ಬೆಲ್ಟು ಕುಂಯ್ಯೆಂದು ಕೂಗುತ್ತಾ ಟೆನ್ಷನರ್ ಬೇರಿಂಗನ್ನು ತಿಂದುಹಾಕುತ್ತದೆ. ಬೆರಳಲ್ಲಿ ಬೆಲ್ಟನ್ನು 90 ಡಿಗ್ರಿ ತಿರುಚಿ ನೋಡುವ ಲೆಕ್ಕ ಹಳೇ ಫೋಕ್ಸ್‌ವ್ಯಾಗನ್ ಗಾಲ್ಫಿನಂಥ, ಸ್ಪ್ರಿಂಗಿಲ್ಲದೆ ಕೈಯಿಂದ ಬಿಗಿಮಾಡುವ ಎಂಜಿನ್‌ಗಳದ್ದು. ಅದನ್ನು ಇಲ್ಲಿಗೆ ತರಬೇಡಿ.

ಮತ್ತೆ ಎರಡು ಸುತ್ತು. ನಾಲ್ಕೂ ಮಾರ್ಕು ಮತ್ತೆ ಎದುರುಬದುರು ಬರಬೇಕು. ಬೆಲ್ಟಿನ ಮೇಲೆ ನೀವೇ ಹಾಕಿದ ಗೆರೆಗಳು ಮಾತ್ರ ಎಲ್ಲೋ ಹೋಗಿರುತ್ತವೆ. ಮೊದಲ ಸಲ ಮಾಡುವವರ ಎದೆ ಧಸಕ್ಕೆನ್ನುವುದು ಆಗಲೇ. ಅದು ತಪ್ಪಲ್ಲ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಬೆಲ್ಟು ತನ್ನ ಪೂರ್ತಿ ಸುತ್ತನ್ನು ಮುಗಿಸಿರುವುದಿಲ್ಲ, ಆದ್ದರಿಂದ ಅದರ ಗೆರೆ ಮುಂದಕ್ಕೋ ಹಿಂದಕ್ಕೋ ಇರುತ್ತದೆ. ನೋಡಬೇಕಾದ್ದು ಪುಲ್ಲಿಯ ಮಾರ್ಕನ್ನು. ತಿರುಗಿಸುವಾಗ ನಡುವೆ ಎಲ್ಲಾದರೂ ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಬೆಲ್ಟ್ ತೆಗೆದು ಮೊದಲಿನಿಂದ ನೋಡಿ.

ಒಂದು ಹಲ್ಲು ತಾನೇ ಎಂದು ಬಿಡುವ ಹಾಗಿಲ್ಲ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ ಒಂದು ಹಲ್ಲು ಅಂದರೆ 18 ಡಿಗ್ರಿ. ಅಷ್ಟು ತಪ್ಪಿದ ಎಂಜಿನ್ನೂ ಎಷ್ಟೋ ಸಲ ಸ್ಟಾರ್ಟ್ ಆಗುತ್ತದೆ, ಓಡಲೂ ಓಡುತ್ತದೆ. ಐಡ್ಲಿಂಗ್ ಕುಂಟುತ್ತದೆ, ನಂದಿ ಬೆಟ್ಟದಂಥ ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಆಗ ಮೇಸ್ತ್ರಿ ಕಾರ್ಬುರೇಟರ್ ಟ್ಯೂನ್ ಮಾಡುತ್ತಾನೆ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿದೂಗಿಸುತ್ತಾನೆ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಪಡಿಸಬಹುದಾದ್ದು ಕಿಡಿಯ ಹೊತ್ತನ್ನು ಮಾತ್ರ, ವಾಲ್ವಿನ ಹೊತ್ತನ್ನಲ್ಲ. ಹಳೇ 800 ಕೊಂಡು, ಎಷ್ಟು ಟ್ಯೂನ್ ಮಾಡಿಸಿದರೂ ಸರಿಹೋಗುತ್ತಿಲ್ಲ ಎನ್ನುವವರು ಒಮ್ಮೆ ಬೆಲ್ಟ್ ಕವರ್ ತೆಗೆದು ಮಾರ್ಕ್ ನೋಡುವುದು ಲೇಸು.

ಸಡಿಲಿಸಿದ ವಾಲ್ವ್ ಸ್ಕ್ರೂಗಳನ್ನು, ಸಂದು ಅಳೆಯುವ ಫೀಲರ್ ಗೇಜ್ ಇಟ್ಟು, ಮ್ಯಾನುಯಲ್ಲಿನ ಅಳತೆಗೆ ತಂದು, ಕವರುಗಳನ್ನು ಮುಚ್ಚಿ, ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿಮಾಡಿ. ಈ ಬೋಲ್ಟ್ ಅಂದಾಜಿನದಲ್ಲ. ಸಡಿಲ ಉಳಿದರೆ ಪುಲ್ಲಿ ಅಲುಗಾಡಿ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ಕೀಯನ್ನೂ ಅದು ಕೂರುವ ಕಚ್ಚನ್ನೂ ಸವೆಸುತ್ತದೆ, ಬೆಲ್ಟ್ ಹೊಸದಿದ್ದೂ ಟೈಮಿಂಗ್ ಸರಿಯುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ನೋಡಿಕೊಳ್ಳಿ. ಬೇರೆ ಕಾರಿನವರು ತಮ್ಮ ಮ್ಯಾನುಯಲ್ ಓದದೆ ಶುರುಮಾಡಬೇಡಿ. ಆ ಲಾಂಪ್ರೆದಿಯ ಫಿಯೆಟ್ ಎಂಜಿನ್ನಿನಲ್ಲೇ ಬೆಲ್ಟು ಕ್ಯಾಮ್‌ಗಳ ಜೊತೆ ಇನ್ನೊಂದು ಸಹಾಯಕ ಶಾಫ್ಟನ್ನೂ ತಿರುಗಿಸುತ್ತದೆ. ಅದು ಆಯಿಲ್ ಪಂಪಿಗಷ್ಟೇ ತಾನೇ ಎಂದು ಹೇಗೋ ಕೂರಿಸಿದರೆ, ಅದರ ಮೇಲಿನ ಪೆಟ್ರೋಲ್ ಪಂಪಿನ ಉಬ್ಬು ಎರಡನೇ ಕನೆಕ್ಟಿಂಗ್ ರಾಡಿಗೆ ಬಡಿಯಬಹುದು.

ಬೋಲ್ಟಿನ ತಲೆ ಸವೆದು ಪಾನಾ ಹಿಡಿಯದಿದ್ದರೆ, ಟೆನ್ಷನರಿನ ಸ್ಟಡ್ ಮುರಿದು ಒಳಗೇ ಉಳಿದರೆ ಅಲ್ಲಿಗೆ ನಿಲ್ಲಿಸಿ, ಕಾರನ್ನು ಟೋ ಮಾಡಿಸಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅರ್ಧ ಬಿಚ್ಚಿದ ಎಂಜಿನ್ನಿನ ಮೇಲೆ ಡ್ರಿಲ್ ಹಿಡಿಯುವುದು ಬೇರೆಯೇ ಕಸುಬು.

ಎಲ್ಲ ಸರಿಹೋದರೆ ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿ: ತಾರೀಖು, ಮೀಟರ್ ರೀಡಿಂಗ್, ಬೆಲ್ಟಿನ ನಂಬರು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕವರಿನ ಕೆಳಗೆ ಆಯಿಲ್ ಜಿನುಗಿದೆಯೇ ನೋಡಿ. ಹಳೇ ಬೆಲ್ಟನ್ನು "ಎಮರ್ಜೆನ್ಸಿಗೆ ಇರಲಿ" ಎಂದು ಡಿಕ್ಕಿಯಲ್ಲಿಡುವ ಅಭ್ಯಾಸ ಹಲವರಿಗಿದೆ. ಎಲ್ಲೋ ದಾರಿಯಲ್ಲಿ ಇನ್ಯಾರೋ ಅದನ್ನೇ ಹಾಕಿಬಿಟ್ಟಾರು, ಕತ್ತರಿಯಲ್ಲಿ ತುಂಡು ಮಾಡಿ ಎಸೆಯಿರಿ.